ಆರು ಅಡಿಯ ಗೋಡೆ

(ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಡೆಟ್ರಾಯಿಟ್ ಮೋಟಾರು ಕಾರುಗಳ ಊರು. 1941ರಲ್ಲಿ ಅಲ್ಲಿ ಎರಡು ಸಂಗತಿಗಳು ನಡೆದವು. ಫೋರ್ಡ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿ, ಮಾಲೀಕರು ಸಂಘವನ್ನು ಒಪ್ಪುವಂತೆ ಮಾಡಿದರು. ಬಿಳಿಯರೂ ಕರಿಯರೂ ಒಂದೇ ಸಂಘದ ಸದಸ್ಯರಾದರು. ಅದೇ ವರ್ಷ ಊರಂಚಿನಲ್ಲಿ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆಯೊಂದು ಎದ್ದಿತು. ಒಂದು ಮಗ್ಗುಲಿಗೆ ಕರಿಯರ ಕೇರಿ, ಇನ್ನೊಂದು ಮಗ್ಗುಲಿಗೆ ಬಿಳಿಯರಿಗೆಂದು ಹೊಸ ಮನೆಗಳು.

ಈ ಗೋಡೆ ಏತಕ್ಕೆ? ಆ ಹೊಸ ಮನೆಗಳನ್ನು ಕಟ್ಟಹೊರಟವನಿಗೆ ಸಾಲಕ್ಕೆ ಸರ್ಕಾರದ ಜಾಮೀನು ಬೇಕಾಗಿತ್ತು. ಕರಿಯರ ಕೇರಿ ಪಕ್ಕದಲ್ಲಿದೆಯೆಂದು ಅದು ಸಿಕ್ಕಲಿಲ್ಲ. ಗೋಡೆ ಎದ್ದಿತು, ಜಾಮೀನು ಸಿಕ್ಕಿತು! 1934ರಲ್ಲಿ ಹುಟ್ಟಿದ ಅಲ್ಲಿಯ ವಸತಿ ಇಲಾಖೆಯ ನೀತಿಯೇ ಅದು. ಸರ್ಕಾರದ ಇನ್ನೊಂದು ಸಂಸ್ಥೆ ಅದೇ ದಶಕದಲ್ಲಿ ಊರೂರಿನ ನಕ್ಷೆ ಬರೆಸಿ, ಕರಿಯರ ಕೇರಿಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪೆಂದರೆ ಸಾಲಕ್ಕೆ ಅಪಾಯದ ಜಾಗ.

ಇದರ ಪೆಟ್ಟು ಎಂಥದೆಂದು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯೆಂದರೆ ಬರೀ ಸೂರಲ್ಲ. ಕಷ್ಟಕಾಲಕ್ಕೆ ಅಡವು, ಅಂಗಡಿಗೆ ಬಂಡವಾಳ, ಮಕ್ಕಳ ಓದಿಗೆ ಆಸರೆ. ಕರಿಯರ ವ್ಯಾಪಾರದ ಹೇಸ್ಟಿಂಗ್ಸ್ ಬೀದಿಯೂ ಉಳಿಯಲಿಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಹೆದ್ದಾರಿಗಾಗಿ ಅದನ್ನು ಕೆಡವತೊಡಗಿದರು. ಬಾಡಿಗೆಯ ಅಂಗಡಿಕಾರನಿಗೆ ನೆಲದ ಪರಿಹಾರ ಎಲ್ಲಿಂದ ಬಂದೀತು?

ಕಾನೂನು ತಡವಾಗಿ ಬಂದಿತು. ‘ಕರಿಯರಿಗೆ ಮಾರಕೂಡದು’ ಎಂಬ ಕ್ರಯಪತ್ರದ ಷರತ್ತನ್ನು ನ್ಯಾಯಾಲಯಗಳು ಜಾರಿಮಾಡಕೂಡದೆಂದು 1948ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಆ ವ್ಯಾಜ್ಯಗಳಲ್ಲೊಂದು ಡೆಟ್ರಾಯಿಟ್ಟಿನದೇ. 1968ರಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದವೆಣಿಸುವುದನ್ನು ಶಾಸನವೇ ನಿಷೇಧಿಸಿತು. ಆದರೆ ಅಷ್ಟರಲ್ಲಿ ಸಾಲ ಪಡೆದವನ ಮನೆಯ ಬೆಲೆ ಏರಿ ಮಕ್ಕಳ ಕೈಸೇರಿತ್ತು. ಸಾಲ ಸಿಗದವನ ಮಕ್ಕಳಿಗೆ ಬಾಡಿಗೆ ಚೀಟಿಯೇ ಪಿತ್ರಾರ್ಜಿತ. ಶಾಸನ ಬಾಗಿಲು ತೆರೆಯಿತು, ಕಳೆದ ಗಂಟನ್ನು ಹಿಂದಕ್ಕೆ ಕೊಡಲಿಲ್ಲ. ಆ ಗೋಡೆ ಇಂದಿಗೂ ನಿಂತಿದೆ. ಒಂದಷ್ಟು ಭಾಗದ ಮೇಲೆ ಈಗ ಬಣ್ಣದ ಚಿತ್ರಗಳಿವೆ.

ಮಿತ್ರರೇ, ಹಗಲು ಒಂದೇ ಯಂತ್ರದ ಮುಂದೆ ನಿಂತು, ಸಂಜೆ ಗೋಡೆಯ ಆಚೀಚೆ ಹೋಗುವವರ ಒಗ್ಗಟ್ಟು ಅರ್ಧ ಒಗ್ಗಟ್ಟು. ನಮ್ಮಲ್ಲಿ ಅದಕ್ಕೆ ಕಾಂಕ್ರೀಟು ಬೇಕಾಗಿಲ್ಲ. ಬಾಡಿಗೆ ಮನೆ ಕೇಳಿ ಬಂದವನಿಗೆ ‘ನೀವು ಯಾವ ಜನ?’ ಎಂದರೆ ಸಾಕು, ಗೋಡೆ ಎದ್ದಂತೆಯೇ. ಖಾಲಿ ಮನೆಯುಳ್ಳವರು ನಮ್ಮ ನಡುವೆಯೂ ಇದ್ದೇವೆ. ಆ ಪ್ರಶ್ನೆಯನ್ನು ಇಂದೇ ಬಿಡೋಣ. ಸಂಘದ ಮಾತನ್ನು ಮನೆಯ ಹೊಸ್ತಿಲವರೆಗೂ ಒಯ್ಯೋಣ.