ಆ ಸಾಲು ಅಚ್ಚು ಹಾಕಿದವನು ನಾನೇ

(ಹತ್ತಿಕುಣಿಯಲ್ಲಿ ಸೇರಿದ್ದ ಕನ್ನಡ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಇವೇ ನನ್ನ ಸಾಹಿತ್ಯ. ಹೆಸರಿನಲ್ಲೇ ಹತ್ತಿ ಇಟ್ಟುಕೊಂಡ ಈ ಊರಿನಲ್ಲಿ ನಿಂತು ಬಟ್ಟೆಯ ಬಗ್ಗೆಯೇ ಎರಡು ಮಾತು ಹೇಳುತ್ತೇನೆ.

ಹಿಂದೊಂದು ಪಂಚಮಿಗೆ ತಂಗಿಗೆಂದು ಸೀರೆ ತಂದೆ. ಅವಳಿಗೆ ಬಣ್ಣ ಹಿಡಿಸಲಿಲ್ಲ. ಮಡಿಕೆ ಬಿಚ್ಚಿರಲಿಲ್ಲ, ಚೀಟಿ ಹರಿದಿರಲಿಲ್ಲ. ಮರುದಿನವೇ ಅಂಗಡಿಗೆ ಹೋದೆ. ಮಾಲೀಕರು ಬಿಲ್ಲಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಕ್ಕರು: "ಇದನ್ನ ಛಾಪಿಸಿ ಕೊಟ್ಟವ್ರು ನೀವೇ ಅಲ್ಲೇನ್ರಿ?"

'ಗೂಡ್ಸ್ ಒನ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್.' ಮಾರಿದ ಮಾಲು ವಾಪಸ್ ಇಲ್ಲ.

ಹೌದು, ಅಚ್ಚು ಹಾಕಿದವನು ನಾನೇ. ಅಪ್ಪನ ಟ್ರೆಡಲ್ ಕಾಲದಲ್ಲಿ ಈ ಸಾಲಿನ ಮೊಳೆಗಳನ್ನು ನಾವು ಬಿಚ್ಚುತ್ತಲೇ ಇರಲಿಲ್ಲ. ದಾರ ಕಟ್ಟಿ ಇಟ್ಟಿರುತ್ತಿದ್ದೆವು. ಯಾವ ಅಂಗಡಿಯ ಬಿಲ್ ಬಂದರೂ ಎತ್ತಿ ಇಡುವುದು, ಹೊಡೆಯುವುದು. ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಸಾಲು ಮಾತ್ರ ಹಾಗೇ ಉಳಿಯಿತು. ಕೇಳದ ಅಂಗಡಿಗೂ ನಾನೇ ಹಾಕಿಕೊಟ್ಟಿದ್ದೇನೆ!

ಅವತ್ತು ನಾಚಿಕೆಯಾಗಿ ಪರಿಚಯದ ವಕೀಲರ ಬಾಗಿಲು ತಟ್ಟಿದೆ. ತಿಳಿದದ್ದು ಇದು.

ಮೊದಲು ಕಹಿ ಸತ್ಯ. ಬಟ್ಟೆಯಲ್ಲಿ ದೋಷವಿಲ್ಲ, ಬರೀ ನಮ್ಮ ಮನಸ್ಸು ಬದಲಾಗಿದೆ ಎಂದರೆ ಅದನ್ನು ವಾಪಸ್ ತೆಗೆದುಕೊಳ್ಳಲೇಬೇಕು ಎಂದು ನಮ್ಮ ಕಾನೂನು ಹೇಳುವುದಿಲ್ಲ. ಅಂಗಡಿಯವರು ಮಾತು ಕೊಟ್ಟಿದ್ದರೆ ಮಾತ್ರ ಆ ಮಾತಿಗೆ ಅವರು ಬದ್ಧರು. ಇಂಗ್ಲೆಂಡಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು ಕಾರಣ ಹೇಳದೆ 14 ದಿನದೊಳಗೆ ಬೇಡವೆನ್ನಬಹುದು. ಅಲ್ಲಿಯೂ ಅಂಗಡಿಗೆ ಹೋಗಿ ನೋಡಿ ತಂದದ್ದಕ್ಕೆ ಆ ಹಕ್ಕಿಲ್ಲ. ಆದ್ದರಿಂದ ನನ್ನ ಸೀರೆಯ ವಿಷಯದಲ್ಲಿ ಆ ವ್ಯಾಪಾರಿ ಕಾನೂನು ಮುರಿದಿರಲಿಲ್ಲ.

ಆದರೆ ನೂಲು ಬಿಟ್ಟ ಸೀರೆ, ಹೊಲಿಗೆ ಬಿಚ್ಚಿದ ಅಂಗಿ ಬಂದಾಗಲೂ ಅದೇ ಸಾಲು ತೋರಿಸುತ್ತಾರಲ್ಲ, ಅದು ಅನ್ಯಾಯ! 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಆನ್‌ಲೈನ್‌ನಲ್ಲಿ ತೋರಿಸಿದ್ದೊಂದು, ಕಳಿಸಿದ್ದೊಂದು ಆದರೂ ವಾಪಸ್ ಪಡೆಯಲೇಬೇಕು ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ನನ್ನ ಆ ಸಾಲು ಸರಿಯಲ್ಲವೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 1999ರಲ್ಲೇ ರಾಜ್ಯಗಳಿಗೆ ಬರೆದಿತ್ತಂತೆ. ಅದಾದ ಮೇಲೂ ಎಷ್ಟು ಬಿಲ್ ಬುಕ್ಕಿನಲ್ಲಿ ಅದನ್ನು ಹೊಡೆದೆನೋ!

ಈಗ ನನ್ನ ಪ್ರಶ್ನೆ. ಆ ಸಾಲು ಇಂಗ್ಲಿಷಿನಲ್ಲೇ ಏಕೆ ಇತ್ತು? ಹತ್ತಿ ಬಿಡಿಸುವ ತಾಯಿಗೆ, ಬೆಂಗಳೂರಿನ ಕಟ್ಟಡಗಳಿಗೆ ಮಣ್ಣು ಹೊರಲು ಹೋದ ನಮ್ಮ ಯಾದಗಿರಿಯ ಹುಡುಗನಿಗೆ ಓದಲು ಬಾರದ ಷರತ್ತು ಯಾರಿಗಾಗಿ? ನಾಮಫಲಕದಲ್ಲಿ ಕನ್ನಡ ಕೇಳುವ ನಾವು ಬಿಲ್ಲಿನ ಕೆಳಗಿನ ಸಣ್ಣಕ್ಷರವನ್ನು ಎಂದಾದರೂ ನೋಡಿದ್ದೇವೆಯೇ? ದುಡ್ಡು ಹೋಗುವುದು ನಾಮಫಲಕದಿಂದಲ್ಲ ಗೆಳೆಯರೇ, ಆ ಸಣ್ಣಕ್ಷರದಿಂದ!

ಇದು ವ್ಯಾಪಾರಿಗಳ ಮೇಲಿನ ಯುದ್ಧವಲ್ಲ. ಹಬ್ಬಕ್ಕೆ ಉಟ್ಟು ಮರುದಿನ 'ಬೇಡ' ಎನ್ನುವ ಗಿರಾಕಿಗಳೂ ನಮ್ಮಲ್ಲಿದ್ದಾರೆ. ಅದು ಹಕ್ಕಲ್ಲ, ಮೋಸ. ಸಣ್ಣ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯಬೇಡಿ.

ನೀವು ಮಾಡಬೇಕಾದದ್ದು ಸರಳ. ದುಡ್ಡು ಕೊಡುವ ಮೊದಲೇ ಕೇಳಿ: "ಹಿಡಿಸದಿದ್ದರೆ ಬದಲಿ ಕೊಡ್ತೀರಾ? ಎಷ್ಟು ದಿನದೊಳಗೆ?" 'ಹೂಂ' ಎಂದರೆ ಬಿಲ್ಲಿನಲ್ಲೇ ಬರೆಸಿ. ಬಿಲ್ ಜೋಪಾನ ಮಾಡಿ, ಚೀಟಿ ಕೀಳಬೇಡಿ. ದೋಷವಿದ್ದೂ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮಾಲಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ನೀವೇ ನಿಂತು ವಾದಿಸಬಹುದು.

ಇನ್ನು ನನ್ನ ಪಾಲು. ಆ ಇಂಗ್ಲಿಷ್ ಸಾಲನ್ನು ಈಗ ನನ್ನ ಪ್ರೆಸ್ಸಿನಲ್ಲಿ ಅಚ್ಚು ಹಾಕುವುದಿಲ್ಲ. ಅದರ ಬದಲು ದಪ್ಪಕ್ಷರದ ಕನ್ನಡದಲ್ಲಿ ಹೀಗೆ ಹಾಕುತ್ತೇನೆ: 'ದೋಷವಿದ್ದರೆ 30 ದಿನದೊಳಗೆ ಹಣ ವಾಪಸ್. ಹಿಡಿಸದಿದ್ದರೆ ...... ದಿನದೊಳಗೆ ಬದಲಿ.' ಖಾಲಿ ಜಾಗ ಅಂಗಡಿಯವರೇ ತುಂಬಲಿ. ಕೆಲವರು ಒಪ್ಪಿ ಬರೆಸಿದರು. ಕೆಲವರು ಬೈದು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ.

ಆ ಸೀರೆ ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಮಡಿಕೆ ಬಿಚ್ಚಿಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ಮೊಳೆಗಳು ನೆನಪಾಗುತ್ತವೆ.

ನಿಮ್ಮ ಬೀದಿಯ ಬಟ್ಟೆ ಅಂಗಡಿಯ ಬಿಲ್ಲನ್ನು ಇವತ್ತೇ ತಿರುಗಿಸಿ ನೋಡಿ. ಕೆಳಗಿನ ಸಾಲು ಯಾವ ಭಾಷೆಯಲ್ಲಿದೆ, ಏನು ಹೇಳುತ್ತದೆ ಎಂದು ಓದಿ. ಹೋರಾಟ ಅಲ್ಲಿಂದ ಶುರುವಾಗಲಿ.

ಸಿರಿಗನ್ನಡಂ ಗೆಲ್ಗೆ!