ದೀರ್ಘಾಯುಷ್ಯದ ಮನೆತನ ಮತ್ತು ಹೃದಯ
(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಶಾಲೆಗೆ ನೂರು ತುಂಬಿದ ಈ ಹೊತ್ತಿನಲ್ಲಿ ನೂರರ ಸಮೀಪ ಬಾಳಿದ ನನ್ನ ಅಜ್ಜಿಯ ನೆನಪಾಗುತ್ತದೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ಅವರು 96 ವರ್ಷ ಬದುಕಿದರು. ಅವರ ಇಬ್ಬರು ತಂಗಿಯರೂ ತೊಂಬತ್ತು ದಾಟಿದವರೆ. "ನಮ್ಮದು ಗಟ್ಟಿ ರಕ್ತ" ಎಂಬುದು ಮನೆಯ ಹೆಮ್ಮೆಯ ಮಾತಾಗಿತ್ತು. ಅದನ್ನೇ ನೆಚ್ಚಿದ ನನ್ನ ಅಣ್ಣ ಒಮ್ಮೆಯೂ ರಕ್ತದೊತ್ತಡ ತೋರಿಸಿಕೊಳ್ಳಲಿಲ್ಲ. 51ನೆಯ ವಯಸ್ಸಿನಲ್ಲಿ, ಸೋಲಾಪುರದ ಮನೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅಜ್ಜಿ ಆಗ ಇನ್ನೂ ಇದ್ದರು.

ಹಾಗಾದರೆ ವಂಶದ ಮಾತು ಸುಳ್ಳೆ? ಸುಳ್ಳಲ್ಲ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಶತಾಯುಷಿಗಳ ಮಕ್ಕಳನ್ನು ಅಭ್ಯಸಿಸಿದ ಸಂಶೋಧಕರು, ಅವರಲ್ಲಿ ಹೃದ್ರೋಗ, ರಕ್ತದೊತ್ತಡ, ಮಧುಮೇಹಗಳು ಸಮವಯಸ್ಕರಿಗಿಂತ ಕಡಿಮೆ, ಬಂದರೂ ತಡವಾಗಿ ಬರುತ್ತವೆ ಎಂದು ಕಂಡುಕೊಂಡರು. ಆದರೆ 1996ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅವಳಿಗಳ ಅಧ್ಯಯನವು ಆಯುಷ್ಯದ ಏರುಪೇರಿನಲ್ಲಿ ವಂಶದ ಪಾಲು ಸುಮಾರು ಕಾಲುಭಾಗ ಮಾತ್ರ ಎಂದಿತು. ಉಳಿದ ಮುಕ್ಕಾಲನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

2004ರಲ್ಲಿ ಹೊರಬಂದ, 52 ದೇಶಗಳ 'ಇಂಟರ್‌ಹಾರ್ಟ್' ಅಧ್ಯಯನವು ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಮೊದಲಾದ ಒಂಬತ್ತು ಅಂಶಗಳನ್ನು ಗುರುತಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ, ಬರುವುದನ್ನೂ ಅದು ತೋರಿಸಿತು.

ಅಜ್ಜಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡು ದಿನವಿಡೀ ಹೊಲದಲ್ಲಿ ದುಡಿದರು. ಅಣ್ಣ ಅದೇ ಊಟ ಉಂಡು ದಿನವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತರು, ಜೊತೆಗೆ ಬೀಡಿ. (ಶೇಂಗಾ ಚಟ್ನಿಯನ್ನು ದೂರುತ್ತಿಲ್ಲ; ಸೋಲಾಪುರದಲ್ಲಿ ನಿಂತು ದೂರುವ ಧೈರ್ಯವೂ ನನಗಿಲ್ಲ.) ನಮ್ಮ ತಾಯಂದಿರು ಹಲ್ಲಿಗೆ ತಿಕ್ಕುವ ಮಶೇರಿಯೂ ತಂಬಾಕೇ ಎಂಬುದನ್ನು ಇಲ್ಲಿ ಹೇಳಲೇಬೇಕು.

ತಂದೆಗೋ ಸೋದರನಿಗೋ 55ಕ್ಕೆ ಮೊದಲು, ತಾಯಿಗೋ ಸೋದರಿಗೋ 65ಕ್ಕೆ ಮೊದಲು ಹೃದ್ರೋಗ ಬಂದಿದ್ದರೆ ಉಳಿದವರಿಗೂ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಅಣ್ಣ ಹೋದ ದಿನದಿಂದ ನಮ್ಮ ದೀರ್ಘಾಯುಷಿ ಮನೆತನ ಆ ಪಟ್ಟಿಗೂ ಸೇರಿತು. ತಿಂಗಳೊಳಗೆ ನಾನು ಅಳೆಯಿಸಿಕೊಂಡೆ: 160/100. ಅಲ್ಲಿಯವರೆಗೆ ತಲೆನೋವು ಕೂಡ ಇರಲಿಲ್ಲ. ಅಂದಿನಿಂದ ಗುಳಿಗೆ ತಪ್ಪಿಸಿಲ್ಲ.

ಸಭೆ ಮುಗಿದ ಮೇಲೆ ಏಳನೆಯ ಇಯತ್ತೆಯ ಕೋಣೆಯಲ್ಲಿ ರಕ್ತದೊತ್ತಡ ಅಳೆಯುವ ವ್ಯವಸ್ಥೆಯಿದೆ. ಅಜ್ಜ-ಅಜ್ಜಿ ತೊಂಬತ್ತು ದಾಟಿದವರೂ ದಯವಿಟ್ಟು ಬನ್ನಿರಿ. ಮೊದಲು ನಾನೇ ಕೂಡುತ್ತೇನೆ.