ಕೀಲಿ ಹಾಕಿ ಊರಿಗೆ ಹೋಗುವಾಗ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಗಿರಣಿಯಲ್ಲಿ ಹಾಜರಿ ಬರೆಯುವವನು. ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವವನು. ಮಕ್ಕಳ ಪರೀಕ್ಷೆ ಮುಗಿದು ನಮ್ಮಲ್ಲಿ ಅರ್ಧ ಜನ ಊರಿನ ದಾರಿ ಹಿಡಿಯುವ ದಿನ ಹತ್ತಿರ ಬಂದಿದೆ. ಹೋದ ವರ್ಷ ನನ್ನ ಖೋಲಿಯಲ್ಲಿ ನಡೆದುದನ್ನು ಹೇಳಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದಾರೆ.

ಮೂರು ವಾರದ ಸೂಟಿಗೆ ನಾವು ವಿಜಯಪುರದ ಕಡೆಗೆ ಹೊರಟಿದ್ದೆವು. ಕಳ್ಳರ ಭಯಕ್ಕೆ ದೊಡ್ಡದೊಂದು ಹೊಸ ಕೀಲಿ ತಂದೆ. ಬಾಗಿಲಿನ ಕೊಂಡಿ ಮಾತ್ರ ಹಳೆಯದು, ಅದರ ಸ್ಕ್ರೂಗಳು ಸಡಿಲಾಗಿದ್ದವು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಪಕ್ಕದ ಖೋಲಿಯ ಮರಾಠಿ ಆಜಿ, "ಒಂದು ಕೀಲಿಕೈ ಕೊಟ್ಟು ಹೋಗಪ್ಪಾ" ಎಂದರು. "ನಿಮಗೇಕೆ ತೊಂದರೆ ಆಜಿ" ಎಂದು ಜಾರಿಕೊಂಡೆ. ನಿಜ ಹೇಳುತ್ತೇನೆ, ಅದು ತೊಂದರೆಯ ಮಾತಲ್ಲ; ನನಗೆ ನಂಬಿಕೆ ಇರಲಿಲ್ಲ. ಆರು ವರ್ಷದ ನೆರೆ!

ನಮ್ಮ ಚಾಳಿನಲ್ಲಿ ನೀರು ಬರುವುದು ನಸುಕಿನಲ್ಲಿ ಮಾತ್ರ. ಹೊರಡುವ ಹೊತ್ತಿಗೆ ಮಗ ಕೈ ತೊಳೆಯಲು ನಳ ತಿರುಗಿಸಿದ, ನೀರು ಬರಲಿಲ್ಲ, ಹಾಗೆಯೇ ಬಿಟ್ಟ. ಇಲಿ ಬಾರದಿರಲೆಂದು ಹೆಂಡತಿ ಮೋರಿಯ ಬಾಯಿಗೆ ಗೋಣಿತಾಟು ತುರುಕಿ ಕಲ್ಲಿಟ್ಟಿದ್ದಳು. ಮರುದಿನ ನಳಕ್ಕೆ ನೀರು ಬಂತು, ಹೋಗಲು ದಾರಿಯಿಲ್ಲ. ಖೋಲಿ ತುಂಬಿ ಕೆಳಗಿನವರ ಹಾಸಿಗೆಯ ಮೇಲೆ, ಅಕ್ಕಿ ಚೀಲದ ಮೇಲೆ ಸೋರಿತು. ನನ್ನ ಫೋನು ರೈಲಿನಲ್ಲಿ ಹತ್ತಲಿಲ್ಲ. ಕೊನೆಗೆ ಆಜಿಯ ಮಗ ಸಲಾಕೆ ಹಾಕಿ ಮೀಟಿದರೆ ಕೊಂಡಿ ಒಂದೇ ಸಲಕ್ಕೆ ಕಿತ್ತು ಬಂತಂತೆ. ನನ್ನ ಹೊಸ ಕೀಲಿ ಭದ್ರವಾಗಿ ಅದರಲ್ಲಿ ತೂಗಾಡುತ್ತಿತ್ತು.

ನಾವು ತಿರುಗಿ ಬಂದಾಗ ಬಾಗಿಲಿಗೆ ಬೇರೆ ಕೊಂಡಿ, ಅವರದೇ ಕೀಲಿ. ತೊಯ್ದ ಸಾಮಾನನ್ನೆಲ್ಲ ಒಣಗಿಸಿ, ಒಂದೊಂದನ್ನೂ ಚೀಟಿಯಲ್ಲಿ ಬರೆಸಿಟ್ಟಿದ್ದರು. ಕೊನೆಯ ಸಾಲು: ಗೂಡಿನಲ್ಲಿ ಸಿಕ್ಕ ಚಿಲ್ಲರೆ, 43 ರೂಪಾಯಿ. ಅದನ್ನೋದಿ ತಲೆ ಎತ್ತಲಾಗಲಿಲ್ಲ. ಕೆಳಗಿನವರಿಗೆ ಅಕ್ಕಿ ತಂದುಕೊಟ್ಟೆ. ಅದು ಲೆಕ್ಕಕ್ಕೆ ಸಿಗುವ ಸಾಲ.

ಆದ್ದರಿಂದ ಕೀಲಿ ಕೊಳ್ಳುವ ಮೊದಲು ಕೊಂಡಿ ನೋಡಿರಿ. ಸ್ಕ್ರೂ ಬೇಡ, ಬಾಗಿಲನ್ನು ಹಾಯ್ದು ಹೋಗುವ ಬೋಲ್ಟು ಹಾಕಿಸಿ ಒಳಗಡೆ ನಟ್ಟು ಬಿಗಿಸಿರಿ. ನೀರಿಲ್ಲದಾಗಲೂ ನಳ ತಿರುಗಿಸಿ ನೋಡಿ ಮುಚ್ಚಿರಿ. ಮೋರಿಗೆ ಕಲ್ಲಲ್ಲ, ಸಣ್ಣ ತೂತಿನ ಜಾಳಿಗೆ ಹಾಕಿರಿ. ನೀರಿನ ಪೀಪಾಯಿಯನ್ನು ಬರಿದು ಮಾಡಿ, ಚೆನ್ನಾಗಿ ತಿಕ್ಕಿ ಬೋರಲು ಹಾಕಿರಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಮೈಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ; ನೀರು ತಾಗಿದರೆ, ಸೆಕೆಯ ದಿನಗಳಲ್ಲಿ, 8-10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ.

ಗ್ಯಾಸಿನ ಒಲೆ ಆರಿಸಿದರೆ ಸಾಲದು. ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿಗೆ ಮುಚ್ಚಳ ಹಾಕಿರಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ತಿರುಗಿ ಬಂದಾಗ ವಾಸನೆ ಹತ್ತಿದರೆ ದೀಪದ ಗುಂಡಿ ಮುಟ್ಟಬೇಡಿರಿ. ಬಾಗಿಲು ಕಿಟಕಿ ತೆರೆದು, ಹೊರಗೆ ದೂರ ಬಂದು 1906ಕ್ಕೆ ಫೋನು ಮಾಡಿರಿ.

ಪತ್ರಿಕೆಯವನಿಗೆ, ಹಾಲಿನವನಿಗೆ ಮೊದಲೇ ಹೇಳಿರಿ. ಬಾಗಿಲಲ್ಲಿ ಬಿದ್ದ ಪತ್ರಿಕೆಯ ರಾಶಿ ನಾವಿಲ್ಲವೆಂದು ಸಾರುತ್ತದೆ. (ಆ ದಿನಗಳ ಪತ್ರಿಕೆಯನ್ನು ಈ ವಾಚನಾಲಯಕ್ಕೆ ಹಾಕಿಸಿದರೆ ನಮಗೂ ಉಪಕಾರ.) ಊರಿನ ಫೋಟೋಗಳನ್ನು ಬಂದ ಮೇಲೆ ಎಲ್ಲರಿಗೂ ತೋರಿಸಿರಿ, ಅವಸರವಿಲ್ಲ.

ಈ ಸಲ ನಮ್ಮ ಕೀಲಿಕೈ ಆಜಿಯ ದೇವರ ಗೂಡಿನಲ್ಲಿರುತ್ತದೆ. ಕಳೆದ ದೀಪಾವಳಿಗೆ ಅವರು ರತ್ನಾಗಿರಿಗೆ ಹೋದಾಗ ಅವರದು ನಮ್ಮಲ್ಲಿತ್ತು. ದಿನಾ ಸಂಜೆ ಅವರ ಖೋಲಿಯಲ್ಲಿ ದೀಪ ಹಚ್ಚಿ ಬರುವ ಕೆಲಸ ನನ್ನ ಮಗನದು. ಹೊರಗೆ ಬರುವ ಮೊದಲು ನಳವನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದ.